ಎರಡನೇ ಪುಟದ ಖಾಲಿ ಜಾಗ

ಕನ್ನಡ ಪುಸ್ತಕ ಕೈಗೆ ಬಂದ ಕೂಡಲೇ ನನ್ನ ಕಣ್ಣು ಹೋಗುವುದು ಎರಡನೇ ಪುಟಕ್ಕೆ. ಒಳಗಿನ ಶೀರ್ಷಿಕೆಯ ಹಾಳೆ ತಿರುವಿದರೆ ಬೆನ್ನಿಗೇ ಸಣ್ಣ ಅಕ್ಷರದ ಒಂದು ಪುಟ ಇರುತ್ತದಲ್ಲ, ಅದು. ಪ್ರಕಾಶಕರ ವಿಳಾಸ, ಮೊದಲ ಮುದ್ರಣದ ವರ್ಷ, ಪುಟಗಳು, ಬೆಲೆ, ಪ್ರತಿಗಳು 1000, ಕಾಗದ 70 ಜಿಎಸ್‌ಎಂ ಮ್ಯಾಪ್‌ಲಿಥೋ, ಆಕಾರ ಡೆಮಿ 1/8. ಎಲ್ಲಕ್ಕೂ ಮೇಲೆ ಇಂಗ್ಲಿಷಿನಲ್ಲಿ ಒಂದು ಸಾಲು ಇರುತ್ತದೆ. ಪುಸ್ತಕದ ಹೆಸರು, ಆಮೇಲೆ ‘ಎ ನಾವೆಲ್ ಇನ್ ಕನ್ನಡ ಬೈ’, ಆಮೇಲೆ ಬರೆದವರ ಹೆಸರು.

ಹನುಮಂತನಗರದ ಮನೆಯಲ್ಲೇ ಕೂತು 14 ವರ್ಷದಿಂದ ಕರಡು ತಿದ್ದುತ್ತಿದ್ದೇನೆ. ಡಿಟಿಪಿಯಿಂದ ಬರುವ ಕರಡಿನಲ್ಲಿ ಈ ಸಾಲು ಎಷ್ಟೋ ಸಲ ಅರ್ಧ ಖಾಲಿ ಇರುತ್ತದೆ. ನಾನೇ ತುಂಬುತ್ತೇನೆ. ಕಾದಂಬರಿಯಾದರೆ ಕಾದಂಬರಿ, ಕವನ ಸಂಕಲನವಾದರೆ ಕವನ ಸಂಕಲನ. ಒಂದು ಸೆಕೆಂಡ್ ಯೋಚನೆ ಮಾಡಿದ್ದಿಲ್ಲ.

ಹೋದ ವರ್ಷ ನನ್ನದೇ ಪುಸ್ತಕದ ಸರದಿ ಬಂತು. ಆ ಜಾಗ ತುಂಬಲು ನನಗೆ ಏಳು ತಿಂಗಳು ಬೇಕಾಯಿತು.

ಕತೆ ಏನು ಅಂತ ಹೇಳಿಬಿಡುತ್ತೇನೆ. ಮೆಜೆಸ್ಟಿಕ್ ಬಸ್ ನಿಲ್ದಾಣ ಇರುವುದು ಧರ್ಮಾಂಬುಧಿ ಕೆರೆಯ ಅಂಗಳದಲ್ಲಿ. ಕಂಠೀರವ ಕ್ರೀಡಾಂಗಣ ಇರುವುದು ಸಂಪಂಗಿ ಕೆರೆಯ ಮೇಲೆ. ಕರಗದ ಶಾಸ್ತ್ರಕ್ಕೆ ಅಂತ ಅಲ್ಲಿ ಒಂದು ಪುಟ್ಟ ಕೊಳ ಮಾತ್ರ ಉಳಿದಿದೆ. ಬೆಂಗಳೂರಿನವರಿಗೆ ಇದು ಗೊತ್ತಿರುವ ವಿಷಯ, ಗೊತ್ತಿದ್ದೂ ದಿನಾ ಮರೆಯುವ ವಿಷಯ. ನನ್ನ ಕಾದಂಬರಿಯಲ್ಲಿ ಒಂದು ರಾತ್ರಿ ಧರ್ಮಾಂಬುಧಿಯ ನೀರು ವಾಪಸ್ ಬರುತ್ತದೆ. ಪ್ರವಾಹದ ಹಾಗೆ ನುಗ್ಗುವುದಿಲ್ಲ. ಪ್ಲಾಟ್‌ಫಾರಂ ಮೇಲೆ ಮಲಗಿದ್ದ ಕಂಡಕ್ಟರ್ ಒಬ್ಬನ ಪಾದಕ್ಕೆ ಮೊದಲು ತಣ್ಣಗೆ ತಾಗುತ್ತದೆ. ಅವನು ಯಾವುದೋ ನಲ್ಲಿ ಒಡೆದಿದೆ ಅಂದುಕೊಂಡು ಟಿಕೆಟ್ ಮಿಷಿನ್ನು ಎತ್ತಿ ಎದೆಗೆ ಇಟ್ಟುಕೊಳ್ಳುತ್ತಾನೆ. ಬೆಳಗಾಗುವ ಹೊತ್ತಿಗೆ ಬಸ್ಸುಗಳು ನಿಂತಲ್ಲೇ ನಿಂತಿವೆ, ಸುತ್ತ ಎದೆಮಟ್ಟದ ತಿಳಿನೀರು, ಅದರಲ್ಲಿ ಬೆಳ್ಳಕ್ಕಿ. ನೀರು ಯಾರನ್ನೂ ಮುಳುಗಿಸುವುದಿಲ್ಲ. ಹೋಗುವುದೂ ಇಲ್ಲ. ಊರು ಅದರ ಜೊತೆ ಏಗುವುದನ್ನು ಕಲಿಯುವುದೇ ಕತೆ.

ಇದನ್ನು ಬರೆಯುವಾಗ ಇದು ಯಾವ ಬಗೆಯ ಕಾದಂಬರಿ ಅನ್ನುವ ಪ್ರಶ್ನೆ ನನ್ನ ತಲೆಗೆ ಬಂದೇ ಇರಲಿಲ್ಲ. ಮೊದಲ ಪ್ರಕಾಶಕರ ಮುಂದೆ ಕೂತಾಗ ಬಂತು.

ಅವರು ಹಿರಿಯರು. ನನ್ನ ಕೆಲಸ ಗೊತ್ತಿದ್ದವರು. ಹಸ್ತಪ್ರತಿಯನ್ನು ಪೂರ್ತಿ ಓದಿದ್ದರು, ಪೆನ್ಸಿಲ್ ಗುರುತೂ ಹಾಕಿದ್ದರು. “ಚೆನ್ನಾಗಿದೆಯಮ್ಮ. ಆದರೆ ವೈಜ್ಞಾನಿಕ ಕಾದಂಬರಿ ಅಂತ ಹಾಕೋಣ ಅಂದ್ರೆ ಇದರಲ್ಲಿ ವಿಜ್ಞಾನ ಎಲ್ಲಿದೆ? ನೀರು ಯಾಕೆ ಬಂತು ಅಂತ ಎಲ್ಲೂ ಹೇಳೇ ಇಲ್ವಲ್ಲ” ಅಂದರು. ಎರಡನೆಯವರು ಮೂರು ಅಧ್ಯಾಯ ಓದಿ, “ಮಕ್ಕಳಿಗೆ ಬರೆದಿದ್ದಾ ಮೇಡಂ? ಹಾಗಾದ್ರೆ ಚಿತ್ರ ಬೇಕಾಗುತ್ತೆ, ಖರ್ಚು ಜಾಸ್ತಿ” ಅಂದರು. ಮೂರನೆಯವರು ಪರಿಸರ ಕಾದಂಬರಿ ಅಂತ ಕರೆಯಲು ತಯಾರಿದ್ದರು, ಕೊನೆಗೆ ಕೆರೆ ಉಳಿಸಿ ಅನ್ನುವ ಅರ್ಥ ಬರುವ ಒಂದು ಅಧ್ಯಾಯ ಸೇರಿಸಿದರೆ. ಇವರಲ್ಲಿ ಯಾರ ಮೇಲೂ ನನಗೆ ಸಿಟ್ಟಿಲ್ಲ. ಸಾವಿರ ಪ್ರತಿ ಅಚ್ಚು ಹಾಕಿಸಿ ಗೋಡೌನಿನಲ್ಲಿ ಇಟ್ಟುಕೊಂಡು ಕೂರುವವರು ಅವರು. ಅಂಗಡಿಯವನು ಫೋನ್ ಮಾಡಿ “ಏನು ಸರ್ ಇದು, ಯಾರಿಗೆ ಕೊಡಲಿ” ಅಂದರೆ ಒಂದು ಮಾತಿನಲ್ಲಿ ಉತ್ತರ ಕೊಡಬೇಕಾದವರೂ ಅವರೇ.

ಆದರೆ ಮೊದಲನೆಯವರ ಮಾತು ನನ್ನನ್ನು ಬಹಳ ದಿನ ಬಿಡಲಿಲ್ಲ. ‘ವೈಜ್ಞಾನಿಕ ಕಾದಂಬರಿ’ ಅಂದಾಗ ಕನ್ನಡದ ಕಿವಿಗೆ ಕೇಳುವುದೇನು? ನಮ್ಮ ದಿನದ ಮಾತಿನಲ್ಲಿ ವೈಜ್ಞಾನಿಕ ಅಂದರೆ ಸರಿಯಾದದ್ದು, ಆಧಾರ ಇರುವುದು. ‘ವೈಜ್ಞಾನಿಕವಾಗಿ ನೋಡಿದರೆ’ ಅಂತ ಶುರು ಮಾಡಿದರೆ ಮುಂದೆ ಬರುವುದು ನಿಜ ಅಂತ ಲೆಕ್ಕ. ಅದಕ್ಕೆ ಎದುರು ಮಾತು ‘ಅವೈಜ್ಞಾನಿಕ’, ಅದು ಬೈಗುಳ. ರಸ್ತೆ ಉಬ್ಬು ಸರಿ ಇಲ್ಲದಿದ್ದರೂ ಪತ್ರಿಕೆಯವರು ಅವೈಜ್ಞಾನಿಕ ಅಂತಲೇ ಬರೆಯುತ್ತಾರೆ. ಹಾಗಾಗಿ ಮುಖಪುಟದ ಮೇಲೆ ವೈಜ್ಞಾನಿಕ ಕಾದಂಬರಿ ಅಂತ ಹಾಕಿದರೆ ಓದುಗರಿಗೆ ನಾವು ಒಂದು ಮಾತು ಕೊಟ್ಟ ಹಾಗೆ. ಇದರಲ್ಲಿ ತಪ್ಪಿಲ್ಲ, ಇದರಿಂದ ಏನೋ ಕಲಿಯಬಹುದು ಅಂತ. ಇಂಗ್ಲಿಷಿನಲ್ಲಿ ಸೈನ್ಸ್ ಮತ್ತು ಫಿಕ್ಷನ್ ಎರಡೂ ನಾಮಪದಗಳು, ಪಕ್ಕ ಪಕ್ಕ ಜಗಳವಾಡುತ್ತಾ ಕೂತಿರುತ್ತವೆ. ಕನ್ನಡದಲ್ಲಿ ಒಂದು ಮತ್ತೊಂದಕ್ಕೆ ವಿಶೇಷಣವಾಗಿಬಿಟ್ಟಿತು. ಕತೆ ವಿಜ್ಞಾನಕ್ಕೆ ಲೆಕ್ಕ ಒಪ್ಪಿಸಬೇಕಾಯಿತು.

ಇದು ಸುಮ್ನೆ ವ್ಯಾಕರಣದ ಮಾತಲ್ಲ. ಒಂದು ಬಡಾವಣೆಯ ಶಾಖಾ ಗ್ರಂಥಾಲಯಕ್ಕೆ ನಾನು ಬಹಳ ವರ್ಷ ಹೋಗುತ್ತಿದ್ದೆ. ಪುಸ್ತಕಗಳನ್ನು ವಿಷಯದ ಮೇಲೆ ಸಂಖ್ಯೆ ಕೊಟ್ಟು ಜೋಡಿಸುವ ಡ್ಯೂಯಿ ಪದ್ಧತಿಯಲ್ಲಿ ಕನ್ನಡ ಸಾಹಿತ್ಯಕ್ಕೆ 894.814 ಅನ್ನುವ ಸಂಖ್ಯೆ. ಕತೆ ಕಾದಂಬರಿಯಾದರೆ ಕೊನೆಗೆ ಇನ್ನೊಂದು 3 ಸೇರುತ್ತದೆ. ವಿಜ್ಞಾನ ಇರುವುದು 500ರ ಸಾಲಿನಲ್ಲಿ. ಒಂದು ಮಧ್ಯಾಹ್ನ ಮಗಳ ಪ್ರಾಜೆಕ್ಟಿಗೆ ಅಂತ 500ರ ಕಪಾಟಿನಲ್ಲಿ ಹುಡುಕುತ್ತಿದ್ದೆ. ಶಾಖ ಮತ್ತು ಬೆಳಕಿನ ಮೇಲಿನ ಎರಡು ಪುಸ್ತಕಗಳ ನಡುವೆ ತೆಳುವಾದ ಒಂದು ಕಾದಂಬರಿ ಸಿಕ್ಕಿತು. ಬೇರೆ ಗ್ರಹದಿಂದ ಬಂದವರ ಕತೆ. ಬೆನ್ನಿನ ಮೇಲೆ ವೈಜ್ಞಾನಿಕ ಅಂತ ಇತ್ತು, ಅಷ್ಟೇ ಸಾಕಾಗಿತ್ತು. ಹಿಂದಿನ ರಟ್ಟಿನ ಒಳಗೆ ಅಂಟಿಸಿದ ದಿನಾಂಕದ ಚೀಟಿ ನೋಡಿದೆ. ಒಂದೂ ಮುದ್ರೆ ಇರಲಿಲ್ಲ. ಕಾದಂಬರಿ ಓದುವವರು ಆ ಕಪಾಟಿಗೆ ಬರುವುದಿಲ್ಲ. ಬರುವ ಹುಡುಗರಿಗೆ ಪರೀಕ್ಷೆಗೆ ಅದು ಬೇಡ. ಪುಸ್ತಕದ ಅಂಚು ಹಳದಿಯಾಗಿತ್ತು, ಒಳಗಿನ ಹಾಳೆಗಳು ಇನ್ನೂ ಗರಿಗರಿ. ಎರವಲು ತಂದು ಅದೇ ರಾತ್ರಿ ಓದಿ ಮುಗಿಸಿದೆ, ಚೀಟಿಯ ಮೇಲೆ ಒಂದಾದರೂ ಮುದ್ರೆ ಬೀಳಲಿ ಅಂತ.

ಹಾಗಾದರೆ ಬೇರೆ ಹೆಸರು? ನಾನು ಒಂದೊಂದಾಗಿ ಇಟ್ಟು ನೋಡಿದೆ. ‘ಅದ್ಭುತ ಕಾದಂಬರಿ’ ಅನ್ನೋಣ ಅನ್ನಿಸಿತು. ಅದ್ಭುತ ನಮ್ಮ ನವರಸಗಳಲ್ಲಿ ಒಂದು. ಈ ಬಗೆಯ ಕತೆಗೆ ಅದಕ್ಕಿಂತ ಸರಿಯಾದ ಪದ ಇಲ್ಲ. ಆದರೆ ಇವತ್ತು ಅದ್ಭುತ ಅಂದರೆ ಸೂಪರ್. ನನ್ನ ಪುಸ್ತಕವನ್ನು ನಾನೇ ಹೊಗಳಿಕೊಂಡ ಹಾಗಾಗುತ್ತದೆ. ‘ಕಲ್ಪನಾ ಕಾದಂಬರಿ’? ಕಲ್ಪನೆ ಇಲ್ಲದ ಕಾದಂಬರಿ ಯಾವುದಿದೆ? ‘ಹೀಗಾದರೆ ಏನಾದೀತು’ ಅಂತ ಊಹಿಸುವ ಕತೆಗಳಿಗೆ ಇಂಗ್ಲಿಷಿನಲ್ಲಿ ಹೇಳುವ ಸ್ಪೆಕ್ಯುಲೇಟಿವ್ ಅನ್ನುವುದನ್ನು ‘ಊಹಾತ್ಮಕ’ ಅಂತ ಮಾಡಿದರೆ ಊಹಾಪೋಹ ಅನ್ನುವುದರ ತಮ್ಮನ ಹಾಗೆ ಕೇಳುತ್ತದೆ. ‘ಫ್ಯಾಂಟಸಿ’ ಅಂದರೆ ಒಬ್ಬ ಗೆಳತಿಗೆ ಡ್ರ್ಯಾಗನ್ ನೆನಪಾಯಿತು, ಇನ್ನೊಬ್ಬಳಿಗೆ ಹಗಲುಗನಸು.

ನಮ್ಮದೇ ಹಳೆಯ ಮಾತುಗಳೂ ಇವೆ. ಅಡಗೂಲಜ್ಜಿ ಕತೆ. ಕಾಗಕ್ಕ ಗುಬ್ಬಕ್ಕನ ಕತೆ. ಇವುಗಳ ಗತಿ ನೋಡಿ ನನಗೆ ನಿಜವಾಗಿ ಸಂಕಟವಾಯಿತು. “ಅಡಗೂಲಜ್ಜಿ ಕತೆ ಹೇಳಬೇಡ” ಅಂದರೆ ಸುಳ್ಳು ಹೇಳಬೇಡ ಅಂತ. “ಕಾಗಕ್ಕ ಗುಬ್ಬಕ್ಕನ ಕತೆ ಬೇಡ, ವಿಷಯಕ್ಕೆ ಬಾ” ಅನ್ನುತ್ತೇವೆ. ಹಕ್ಕಿ ಮಾತಾಡುವ, ದೀಪ ಮಾತಾಡುವ ಕತೆಗಳಿಗೆ ನಮ್ಮ ಹಿರಿಯರು ಇಟ್ಟ ಹೆಸರುಗಳನ್ನು ನಾವೇ ಬೈಗುಳ ಮಾಡಿಕೊಂಡಿದ್ದೇವೆ. ಆ ಪದಗಳನ್ನು ಈಗ ಮುಖಪುಟಕ್ಕೆ ತರುವುದು ಹೇಗೆ?

ಇಂಗ್ಲಿಷಿನವರಿಗಾದರೂ ಈ ಹೆಸರುಗಳು ಆಕಾಶದಿಂದ ಬೀಳಲಿಲ್ಲ. ಅಮೆರಿಕದಲ್ಲಿ ಹ್ಯೂಗೋ ಗರ್ನ್ಸ್‌ಬ್ಯಾಕ್ 1926ರಲ್ಲಿ ಇಂಥ ಕತೆಗಳಿಗೇ ಅಂತ ಒಂದು ಮಾಸಪತ್ರಿಕೆ ಶುರು ಮಾಡಿದ. ತಾನು ಅಚ್ಚು ಹಾಕುವುದಕ್ಕೆ ಅವನು ಹೇಳುತ್ತಿದ್ದ ಹೆಸರು ‘ಸೈಂಟಿಫಿಕ್ಷನ್’. ಸೈನ್ಸ್ ಫಿಕ್ಷನ್ ಗಟ್ಟಿಯಾಗಿ ನಿಂತದ್ದು ಆಮೇಲೆ. ಲೇಖಕ ರಾಬರ್ಟ್ ಹೈನ್‌ಲೈನ್ 1947ರ ಒಂದು ಲೇಖನದಲ್ಲಿ ಸ್ಪೆಕ್ಯುಲೇಟಿವ್ ಫಿಕ್ಷನ್ ಅನ್ನುವ ಮಾತನ್ನು ಎತ್ತಿ ಹಿಡಿದ. ಅಂದರೆ ಪತ್ರಿಕೆ ನಡೆಸುವವರು, ಬರೆಯುವವರು ತಮ್ಮ ಅನುಕೂಲಕ್ಕೆ ಕಟ್ಟಿಕೊಂಡ ಹೆಸರುಗಳು ಇವು. ಅಲ್ಲಿಯೂ ಜಗಳ ಮುಗಿದಿಲ್ಲ. ಮಾರ್ಗರೆಟ್ ಆಟ್‌ವುಡ್ ತಮ್ಮ 1985ರ ‘ದಿ ಹ್ಯಾಂಡ್‌ಮೇಡ್ಸ್ ಟೇಲ್’ ಸೈನ್ಸ್ ಫಿಕ್ಷನ್ ಅಲ್ಲ, ಸ್ಪೆಕ್ಯುಲೇಟಿವ್ ಫಿಕ್ಷನ್ ಅಂತ ಹೇಳುತ್ತಲೇ ಬಂದರು. ಸೈನ್ಸ್ ಫಿಕ್ಷನ್‌ಗೆ ಅಂತಲೇ ಇರುವ ಆರ್ಥರ್ ಸಿ. ಕ್ಲಾರ್ಕ್ ಪ್ರಶಸ್ತಿ ಮೊದಲ ಸಲ, 1987ರಲ್ಲಿ, ಬಂದದ್ದು ಅದೇ ಪುಸ್ತಕಕ್ಕೆ. ಅಮೆರಿಕದ ಪುಸ್ತಕ ವ್ಯಾಪಾರದಲ್ಲಿ ಬೈಸ್ಯಾಕ್ ಅಂತ ಒಂದು ಸಂಕೇತಪಟ್ಟಿ ಇದೆ. ಸೈನ್ಸ್ ಫಿಕ್ಷನ್ ಆದರೆ ಎಫ್‌ಐಸಿ 028000, ಫ್ಯಾಂಟಸಿ ಆದರೆ ಎಫ್‌ಐಸಿ 009000. ಪ್ರಕಾಶಕರು ಈ ಸಂಕೇತ ಕೊಡುತ್ತಾರೆ, ಪುಸ್ತಕ ಯಾವ ಕಪಾಟಿಗೆ ಹೋಗಬೇಕು ಅನ್ನುವುದಕ್ಕೆ ಅಂಗಡಿಗಳಿಗೆ ಅದೇ ಗುರುತು.

ನಮ್ಮಲ್ಲಿ ಆ ಕಪಾಟೇ ಇಲ್ಲ. ನಾನು ಹೋಗುವ ಕನ್ನಡ ಪುಸ್ತಕದ ಅಂಗಡಿಗಳಲ್ಲಿ ಲೇಖಕರ ಹೆಸರಿನ ಮೇಲೆ ಜೋಡಿಸಿರುತ್ತಾರೆ. ಕಾರಂತರು ಒಂದು ಕಡೆ, ಭೈರಪ್ಪನವರು ಒಂದು ಕಡೆ, ತೇಜಸ್ವಿಯವರು ಒಂದು ಕಡೆ. ಹೆಸರಿಲ್ಲದ ನಮ್ಮಂಥವರು ‘ಹೊಸ ಪುಸ್ತಕಗಳು’ ಅನ್ನುವ ಮೇಜಿನ ಮೇಲೆ ಎರಡು ತಿಂಗಳು. ಹೆಸರಿನ ಪೆಟ್ಟು ನಮಗೆ ಬೀಳುವುದು ಬೇರೆ ಕಡೆ. ಗ್ರಂಥಾಲಯದ ಸಗಟು ಖರೀದಿಗೆ ಪುಸ್ತಕ ಕಳಿಸುವಾಗ, ವಾರಪತ್ರಿಕೆಗೆ ಧಾರಾವಾಹಿ ಕೇಳುವಾಗ, ಬಹುಮಾನಕ್ಕೆ ಹಾಕುವಾಗ. ಕರ್ನಾಟಕ ಸಾಹಿತ್ಯ ಅಕಾಡೆಮಿಯ ಪುಸ್ತಕ ಬಹುಮಾನದಲ್ಲಿ ಕಾದಂಬರಿ ಅಂತ ಒಂದು ವಿಭಾಗ ಇದೆ, ವಿಜ್ಞಾನ ಸಾಹಿತ್ಯ ಅಂತ ಇನ್ನೊಂದು, ಸಂಕೀರ್ಣ ಅಂತ ಮತ್ತೊಂದು. ‘ವೈಜ್ಞಾನಿಕ ಕಾದಂಬರಿ’ ಅಂತ ಬರೆದ ಪುಸ್ತಕ ಮೊದಲಿನ ಎರಡರ ನಡುವೆ ಯಾವ ಬಾಗಿಲು ತಟ್ಟಬೇಕು?

ಇಲ್ಲಿಗೆ ಬಂದಾಗ ನನಗೆ ಹೊಳೆದದ್ದು ಇದು. ಕನ್ನಡದಲ್ಲಿ ಇಂಥ ಪುಸ್ತಕಗಳು ಇಲ್ಲ ಅನ್ನುವ ಮಾತೇ ತಪ್ಪು. ‘ಮೂಕಜ್ಜಿಯ ಕನಸುಗಳು’ ನೆನಪಿಸಿಕೊಳ್ಳಿ. ಒಬ್ಬ ಅಜ್ಜಿ ಹಳೆಯ ವಸ್ತುವೊಂದನ್ನು ಕೈಯಲ್ಲಿ ಹಿಡಿದರೆ ಅದನ್ನು ಬಳಸಿದ್ದ ಕಾಲವೇ ಅವಳ ಕಣ್ಣಿಗೆ ಕಾಣುತ್ತದೆ. ಇದು ಯಾವ ಭಾಷೆಯಲ್ಲಿ ಇಂದು ಬಂದರೂ ಸ್ಪೆಕ್ಯುಲೇಟಿವ್ ಕಪಾಟಿಗೆ ಹೋಗುವ ಕತೆ. ಕಾರಂತರ ಪುಸ್ತಕ 1968ರಲ್ಲಿ ಬಂತು, 1977ರಲ್ಲಿ ಜ್ಞಾನಪೀಠ ಬಂತು, ಅದರ ಮೇಲೆ ‘ಕಾದಂಬರಿ’ ಅಂತಲ್ಲದೆ ಬೇರೆ ಏನೂ ಇರಬೇಕಾಗಿರಲಿಲ್ಲ. ದೇವನೂರರ ‘ಕುಸುಮಬಾಲೆ’ಯಲ್ಲಿ ಮನೆಮನೆಯ ದೀಪಗಳು, ಆ ಜೋತಮ್ಮಗಳು, ರಾತ್ರಿ ಸೇರಿ ಸುಖದುಃಖ ಮಾತಾಡಿಕೊಳ್ಳುತ್ತವೆ. 1990ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂತು. ಕಾರ್ನಾಡರ ‘ನಾಗಮಂಡಲ’ದಲ್ಲೂ ಊರಿನ ದೀಪದ ಕುಡಿಗಳು ಪಾಳುಗುಡಿಗೆ ಬಂದು ಹರಟುತ್ತವೆ. ಎ.ಕೆ. ರಾಮಾನುಜನ್ನರಿಂದ ಕೇಳಿದ ನಮ್ಮದೇ ಜನಪದ ಕತೆಗಳಿಂದ ಬಂದ ದೀಪಗಳು ಅವು. ದೀಪ ಯಾಕೆ ಮಾತಾಡಿತು, ಎಣ್ಣೆಯಲ್ಲಿ ಏನಿತ್ತು ಅಂತ ಯಾರೂ ಕೇಳಲಿಲ್ಲ. ತೇಜಸ್ವಿಯವರ ‘ಕರ್ವಾಲೊ’ದಲ್ಲಿ ಹಾರುವ ಓತಿಯ ಬೆನ್ನು ಹತ್ತಿ ಕಾಡು ನುಗ್ಗಿದಾಗಲೂ ನಾವು ಹಿಂದೆ ಮುಂದೆ ನೋಡದೆ ಹೋದೆವು.

ಅದೇ ರಾಜಶೇಖರ ಭೂಸನೂರಮಠರನ್ನು ನೋಡಿ. ಅವರು ವೈಜ್ಞಾನಿಕ ಕತೆ, ಕಾದಂಬರಿ ಅಂತಲೇ ಹೇಳಿ ಬರೆದರು. ಒಂದು ಭಾಷೆಗೆ ಒಂದು ಹೊಸ ದಾರಿಯನ್ನು ಒಬ್ಬರೇ ಹಾಕಿಕೊಟ್ಟ ಹಾಗೆ ದುಡಿದರು. ‘ಮನ್ವಂತರ’ ಓದಿದವರು ಈಗಲೂ ಅದರ ಮಾತಾಡುತ್ತಾರೆ. ಆದರೆ ಕನ್ನಡ ಕಾದಂಬರಿಯ ಬಗ್ಗೆ ಮಾತಾಡುವಾಗ ಕಾರಂತರ ಪಕ್ಕದಲ್ಲಿ, ತೇಜಸ್ವಿಯವರ ಪಕ್ಕದಲ್ಲಿ ಅವರ ಹೆಸರು ಎಷ್ಟು ಸಲ ಬರುತ್ತದೆ? ಬರವಣಿಗೆಯಲ್ಲಿ ವ್ಯತ್ಯಾಸ ಇರಬಹುದು, ಇರಲಿ. ಆದರೆ ಓದಿ ತೂಗಿ ನೋಡಿ ಪಕ್ಕಕ್ಕಿಟ್ಟದ್ದಲ್ಲ ಇದು. ಹಣೆಪಟ್ಟಿ ನೋಡಿ ಓದದೇ ಬಿಟ್ಟದ್ದು.

ಹಾಗಾದರೆ ಹಣೆಪಟ್ಟಿ ಇಲ್ಲದಿರುವುದೇ ಒಳ್ಳೆಯದು ಅಲ್ವಾ? ನಾನೂ ಒಂದಷ್ಟು ದಿನ ಹಾಗೇ ಅಂದುಕೊಂಡೆ. ಈಗ ಹಾಗನ್ನಿಸುವುದಿಲ್ಲ. ‘ಮೂಕಜ್ಜಿ’ ಸುಮ್ಮನೆ ಕಾದಂಬರಿಯಾಗಿ ಗೆದ್ದಳು. ಆದರೆ ಅವಳಿಂದ ಒಂದು ವಂಶ ಬೆಳೆಯಲಿಲ್ಲ. ಅದನ್ನು ಓದಿ ಮೈಮರೆತ ಹುಡುಗಿಗೆ “ನಿನಗೆ ಇದು ಇಷ್ಟವಾಯಿತಾ, ಹಾಗಾದರೆ ಇದನ್ನೂ ಓದು” ಅಂತ ಮುಂದಿನ ಪುಸ್ತಕ ಕೊಡುವವರು ಇರಲಿಲ್ಲ. ಕಾರಂತರದ್ದೇ ಇನ್ನೊಂದು ಪುಸ್ತಕ ಕೊಟ್ಟರು. ಆ ಹುಡುಗಿ ನಾನೇ. ‘ಕುಸುಮಬಾಲೆ’ ನನ್ನ ಕೈಗೆ ಬಂದದ್ದು ಹನ್ನೊಂದು ವರ್ಷದ ಮೇಲೆ. ಒಂದೊಂದು ಪುಸ್ತಕವೂ ಒಂಟಿ ಬೆಟ್ಟದ ಹಾಗೆ ನಿಂತಿದೆ. ಅದಕ್ಕೇ ಇವತ್ತು ಇಂಥದ್ದು ಬರೆಯುವ ಯಾರೇ ಆಗಲಿ ಪ್ರಕಾಶಕರ ಮುಂದೆ ಹೋಗಿ ಕೂತಾಗ ಇಂಗ್ಲಿಷ್ ಹೆಸರುಗಳನ್ನು ಹೇಳಬೇಕಾಗುತ್ತದೆ. ನಾನೂ ಹೇಳಿದ್ದೆ. ಮೂರನೆಯವರ ಹತ್ತಿರ ‘ಮಾಂತ್ರಿಕ ವಾಸ್ತವ’ ಅಂದಾಗ ಅವರು ನೆಟ್ಟಗೆ ಕೂತರು. ದಿನದ ಬದುಕಿನ ನಡುವೆಯೇ ಮಾಯೆ ನಡೆಯುವ ಕತೆಗಳಿಗೆ ಹೇಳುವ ಆ ಪದಕ್ಕೆ ನಮ್ಮಲ್ಲಿ ಮರ್ಯಾದೆ ಇದೆ. 1925ರಲ್ಲಿ ಫ್ರಾಂಜ್ ರೋ ಅನ್ನುವ ಜರ್ಮನ್ ವಿಮರ್ಶಕ ಚಿತ್ರಕಲೆಗೆ ಹೇಳಿದ ಮಾತು, ಲ್ಯಾಟಿನ್ ಅಮೆರಿಕ ಸುತ್ತಿ ನಮ್ಮ ಸೆಮಿನಾರುಗಳಿಗೆ ಬಂತು. ನನ್ನ ಮೆಜೆಸ್ಟಿಕ್‌ನ ನೀರಿಗೆ ಅಷ್ಟು ದೂರದಿಂದ ಶಿಫಾರಸು ಪತ್ರ ತರಬೇಕಾಯಿತಲ್ಲ ಅಂತ ಮನೆಗೆ ಬರುವಾಗ ಬಸ್ಸಿನಲ್ಲಿ ಅಳು ಬಂತು.

ಹೆಸರು ಕೆಲಸ ಮಾಡುವುದನ್ನೂ ನೋಡಿದ್ದೇನೆ. ಬೆಂಗಳೂರಿನಲ್ಲೇ 2014ರಲ್ಲಿ ಶುರುವಾದ, ಮೊಬೈಲಿನಲ್ಲಿ ಕತೆ ಬರೆದು ಓದುವ ಪ್ರತಿಲಿಪಿ ಆ್ಯಪ್‌ನಲ್ಲಿ ಕತೆ ಹಾಕುವಾಗ ವಿಭಾಗ ಆರಿಸಬೇಕು. ಫ್ಯಾಂಟಸಿ, ಹಾರರ್ ಅಂತ ಕನ್ನಡ ಲಿಪಿಯಲ್ಲೇ ಇರುತ್ತದೆ. ನನ್ನ ಮಗಳ ವಯಸ್ಸಿನವರು ಆ ವಿಭಾಗಕ್ಕೇ ಹೋಗಿ ಓದುತ್ತಾರೆ. ಅವರಿಗೆ ಆ ಪದದಲ್ಲಿ ಕೀಳು ಏನೂ ಇಲ್ಲ. ನಮ್ಮ ಊರಿನ ಲಾವಣ್ಯ ಲಕ್ಷ್ಮೀನಾರಾಯಣ್ ಇಂಗ್ಲಿಷಿನಲ್ಲಿ ಬರೆದ, ಮುಂದೊಂದು ಕಾಲದ ಬೆಂಗಳೂರಿನ ಕತೆ 2020ರಲ್ಲಿ ಇಲ್ಲಿ ‘ಅನಲಾಗ್/ವರ್ಚುವಲ್’ ಅಂತ ಬಂತು. 2023ರಲ್ಲಿ ಹೊರದೇಶದಲ್ಲಿ ‘ದಿ ಟೆನ್ ಪರ್ಸೆಂಟ್ ಥೀಫ್’ ಅನ್ನುವ ಹೆಸರಿನಲ್ಲಿ, ಸೈನ್ಸ್ ಫಿಕ್ಷನ್ ಪ್ರಕಟಿಸುವವರ ಕಡೆಯಿಂದಲೇ ಬಂತು. 2024ರಲ್ಲಿ ಅದೇ ಕ್ಲಾರ್ಕ್ ಪ್ರಶಸ್ತಿಯ ಕೊನೆಯ ಪಟ್ಟಿಗೆ ಹೋಯಿತು. ಕತೆಯಲ್ಲಿನ ಊರು ನನ್ನದೇ ಊರು. ಅಲ್ಲಿ ಅದಕ್ಕೆ ಕಪಾಟು ಇತ್ತು, ಆ ಕಪಾಟಿನ ಮುಂದೆ ನಿಲ್ಲುವ ಓದುಗರೂ ಇದ್ದರು. ಹೊಟ್ಟೆಕಿಚ್ಚಿನಿಂದ ಹೇಳುತ್ತಿಲ್ಲ. ನಮ್ಮ ಭಾಷೆಗೂ ಅಂಥದ್ದೊಂದು ಬೇಕು ಅನ್ನುವ ಆಸೆಯಿಂದ ಹೇಳುತ್ತಿದ್ದೇನೆ.

ಕೊನೆಗೆ ಪುಸ್ತಕ ಒಪ್ಪಿಕೊಂಡದ್ದು ಮೊದಲನೆಯವರೇ. ನಾಲ್ಕು ತಿಂಗಳ ಮೇಲೆ ಫೋನ್ ಮಾಡಿ, “ಆ ಕಂಡಕ್ಟರ್ ಟಿಕೆಟ್ ಮಿಷಿನ್ ಎದೆಗೆ ಅಪ್ಪಿಕೊಳ್ತಾನಲ್ಲ, ಅದು ಮರೆಯೋಕೆ ಆಗ್ತಿಲ್ಲ ಕಣಮ್ಮ. ಮಾಡೋಣ” ಅಂದರು. ಎರಡನೇ ಪುಟದಲ್ಲಿ ಏನು ಹಾಕುವುದು ಅಂತ ನಾವಿಬ್ಬರೂ ಮತ್ತೆ ಮೂರು ತಿಂಗಳು ಚರ್ಚೆ ಮಾಡಿದೆವು. ನಾನು ಫ್ಯಾಂಟಸಿ ಅಂದೆ, ಅವರು ಬೇಡ ಅಂದರು. ಅವರು ಮಾಂತ್ರಿಕ ವಾಸ್ತವ ಅಂದರು, ನಾನು ಬೇಡ ಅಂದೆ. ‘ಕಾದಂಬರಿ’ ಅಂತಷ್ಟೇ ಉಳಿಯಿತು. ಅದಕ್ಕೆ ಬದಲಾಗಿ ನಾನು ಎರಡು ಕೇಳಿಕೊಂಡೆ. ಬೆನ್ನುಡಿಯ ಮೊದಲ ಸಾಲಿನಲ್ಲೇ ಮೆಜೆಸ್ಟಿಕ್‌ನಲ್ಲಿ ಕೆರೆಯ ನೀರು ವಾಪಸ್ ಬಂತು ಅಂತ ಇರಬೇಕು. ನಂಬಿಸಿ ಕರೆದುಕೊಂಡು ಹೋಗಿ ಒಳಗೆ ಓದುಗರನ್ನು ಬೆಚ್ಚಿಬೀಳಿಸುವುದು ನನಗೆ ಇಷ್ಟವಿಲ್ಲ.

ಎರಡನೆಯದಕ್ಕೆ ಫಾರಂ ಲೆಕ್ಕ ನೆರವಾಯಿತು. ಡೆಮಿ 1/8ರಲ್ಲಿ ಒಂದು ಫಾರಂ ಅಂದರೆ 16 ಪುಟ. ನನ್ನ ಕತೆ 173ನೇ ಪುಟಕ್ಕೆ ಮುಗಿಯುತ್ತದೆ. ಹನ್ನೊಂದು ಫಾರಂ ಅಂದರೆ 176. ಮೂರು ಪುಟ ಖಾಲಿ. ಅಲ್ಲಿ ಸಾಮಾನ್ಯವಾಗಿ ಪ್ರಕಾಶನದ ಬೇರೆ ಪುಸ್ತಕಗಳ ಪಟ್ಟಿ ಹಾಕುತ್ತಾರೆ. “ಸರ್, ಒಂದು ಪುಟ ನನಗೆ ಬಿಟ್ಟುಕೊಡಿ” ಅಂದೆ. ಈ ಬಗೆಯ ಕನ್ನಡ ಪುಸ್ತಕಗಳ ಹೆಸರು ಹಾಕಲು, ಯಾರ ಪ್ರಕಾಶನದ್ದಾದರೂ ಸರಿ. ಬೇರೆಯವರ ಪುಸ್ತಕಕ್ಕೆ ನಾನು ಯಾಕೆ ಜಾಹೀರಾತು ಕೊಡಲಿ ಅಂತ ಅವರು ಕೇಳಬಹುದಿತ್ತು. ಕೇಳಲಿಲ್ಲ. ಸ್ವಲ್ಪ ಹೊತ್ತು ಸುಮ್ಮನಿದ್ದು, “ಭೂಸನೂರಮಠರನ್ನ ಮೊದಲು ಹಾಕು” ಅಂದರು.

ಹೋದ ಶುಕ್ರವಾರ ಶ್ರೀನಗರದ ಡಿಟಿಪಿ ಅಂಗಡಿಯಲ್ಲಿ ಆ ಪುಟ ಕೂರಿಸುತ್ತಿದ್ದೆವು. ಹುಡುಗ ಹನ್ನೊಂದು ಹೆಸರು ಟೈಪ್ ಮಾಡಿದ. ಪುಟದಲ್ಲಿ ಇನ್ನೂ ಐದಾರು ಸಾಲಿಗೆ ಜಾಗ ಇತ್ತು. ಮೇಲೆ ಕರ್ಸರ್ ಮಿಣುಕುತ್ತಿತ್ತು.

“ಅಕ್ಕ, ಹೆಡ್ಡಿಂಗ್ ಏನು ಕೊಡ್ಲಿ ಇದಕ್ಕೆ?”

ಸ್ವಲ್ಪ ಯೋಚಿಸಿ ‘ಈ ಪುಸ್ತಕದ ನೆಂಟರು’ ಅಂತ ಹಾಕಿಸಿದೆ. ರಾತ್ರಿ ಅನ್ನಕ್ಕಿಡುವಾಗ ಎಂ.ಎಸ್.ಕೆ. ಪ್ರಭು ಅವರ ಕತೆಗಳನ್ನು ಬಿಟ್ಟಿದ್ದೇನೆ ಅಂತ ನೆನಪಾಗಿ ಗಾಬರಿಯಾಯಿತು. ಕೈ ಒರೆಸಿಕೊಂಡು ಹುಡುಗನಿಗೆ ವಾಟ್ಸಾಪ್ ಮಾಡಿದೆ. ‘ಹಾಕಿದೆ ಅಕ್ಕ, ಹನ್ನೆರಡಾಯ್ತು’ ಅಂತ ಉತ್ತರ ಬಂತು. ಮುದ್ರಣದ ಪ್ಲೇಟಿಗೆ ಹೋಗುವುದು ಸೋಮವಾರ. ಇನ್ನೂ ನಾಲ್ಕು ಸಾಲು ಉಳಿದಿದೆ.